ಹಾರ್ಡ್ ಡಿಸ್ಕಿನ ಆರೈಕೆ: ಓದುಗರ ಪ್ರಶ್ನೆಗಳು, ನಮ್ಮ ಉತ್ತರಗಳು

ಪ್ರಶ್ನೆ: ನನ್ನ ಡೆಸ್ಕ್‌ಟಾಪ್ ಕಂಪ್ಯೂಟರಿಗೆ ಎಂಟು ವರ್ಷವಾಗಿದೆ. ಮೊಮ್ಮಗ ಕ್ರಿಸ್ಟಲ್ ಡಿಸ್ಕ್ ಇನ್ಫೊ ಎಂಬ ತಂತ್ರಾಂಶ ಹಾಕಿ ನೋಡಿದಾಗ ಹಾರ್ಡ್ ಡಿಸ್ಕಿಗೆ ಹಳದಿ ಬಣ್ಣದ ಎಚ್ಚರಿಕೆ ಬಂದಿದೆ. ಕಂಪ್ಯೂಟರ್ ಮಾತ್ರ ಎಂದಿನಂತೆಯೇ ನಡೆಯುತ್ತಿದೆ. ಅಂಗಡಿಯವರು ‘ಬ್ಯಾಡ್ ಸೆಕ್ಟರ್ ರಿಪೇರಿ ಮಾಡಿಕೊಡುತ್ತೇವೆ’ ಎನ್ನುತ್ತಾರೆ. ಮಾಡಿಸಬಹುದೇ?
— ನಿವೃತ್ತ ಅಧ್ಯಾಪಕರು, ರಾಯಚೂರು

ಉತ್ತರ: ಈಗಲೇ ಬೇಡ. ಮೊದಲು ನಿಮ್ಮ ಕಡತಗಳನ್ನೆಲ್ಲ ಬೇರೊಂದು ಡಿಸ್ಕಿಗೆ ನಕಲು ಮಾಡಿಕೊಳ್ಳಿ. ಹಳದಿ ಬಣ್ಣ ಏಕೆ ಬಂತೆಂದು ವಿಚಾರಿಸುವುದು ಅದಾದ ಮೇಲಿನ ಕೆಲಸ.

ಹಾರ್ಡ್ ಡಿಸ್ಕಿನೊಳಗೆ ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುವ ಬಿಲ್ಲೆಗಳಿರುತ್ತವೆ. ಓದುವ, ಬರೆಯುವ ಹೆಡ್ಡು ಅವುಗಳನ್ನು ಮುಟ್ಟದೆ ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ ತೇಲುತ್ತಿರುತ್ತದೆ. ಬಿಲ್ಲೆಯ ಮೇಲೆ ಮಾಹಿತಿ ಬರೆದಿಡುವ ಪುಟ್ಟ ಭಾಗವೇ ಸೆಕ್ಟರ್. ಯಾವುದಾದರೂ ಸೆಕ್ಟರನ್ನು ಓದಲಾಗದೆ ಹೋದರೆ ಡಿಸ್ಕು ಅದನ್ನು ‘ಬಾಕಿ’ ಎಂದು ಗುರುತಿಸಿಟ್ಟುಕೊಳ್ಳುತ್ತದೆ. ಮುಂದೆ ಅದೇ ಜಾಗದಲ್ಲಿ ಹೊಸದಾಗಿ ಬರೆಯುವ ಸಂದರ್ಭ ಬಂದಾಗ, ಬರೆದದ್ದು ನಿಂತರೆ ಆ ಗುರುತನ್ನು ತೆಗೆದುಹಾಕುತ್ತದೆ. ನಿಲ್ಲದಿದ್ದರೆ ಕಾರ್ಖಾನೆಯಲ್ಲೇ ಕಾದಿರಿಸಿದ್ದ ಹೆಚ್ಚುವರಿ ಸೆಕ್ಟರೊಂದನ್ನು ಅದರ ಬದಲಿಗೆ ಬಳಸಿಕೊಳ್ಳುತ್ತದೆ. ‘ರಿಪೇರಿ’ ತಂತ್ರಾಂಶಗಳಲ್ಲಿ ಹಲವು ಮಾಡುವುದು ಇಷ್ಟನ್ನೇ: ಆ ಜಾಗದ ಮೇಲೆ ಮತ್ತೆ ಬರೆದು, ಡಿಸ್ಕು ಬದಲಿ ಸೆಕ್ಟರನ್ನು ಹುಡುಕಿಕೊಳ್ಳುವಂತೆ ಮಾಡುತ್ತವೆ. ಹಳದಿ ಬಣ್ಣ ಹೋಗಲೂಬಹುದು, ಆದರೆ ಆ ಸೆಕ್ಟರಿನಲ್ಲಿದ್ದ ನಿಮ್ಮ ಬರಹವೋ ಫೋಟೊವೋ ಅದರೊಂದಿಗೇ ಹೋಗಿರುತ್ತದೆ. ವಿಂಡೋಸ್‌ನ ಚೆಕ್ ಡಿಸ್ಕ್‌ನಿಂದ ಇಡೀ ಡಿಸ್ಕನ್ನು ಪರೀಕ್ಷಿಸುವುದನ್ನೂ ನಕಲು ಮುಗಿಯುವವರೆಗೆ ಮುಂದೂಡಿ. ಸೋಲುತ್ತಿರುವ ಡಿಸ್ಕನ್ನು ಗಂಟೆಗಟ್ಟಲೆ ಓಡಿಸಿದರೆ ಉಳಿದ ಶಕ್ತಿಯೂ ಅದರಲ್ಲೇ ಮುಗಿದುಹೋಗಬಹುದು. ನಕಲು ಮಾಡುವಾಗ ಡಿಸ್ಕು ನಡುನಡುವೆ ಸಿಕ್ಕಿಕೊಂಡರೆ ಲಿನಕ್ಸ್‌ನಲ್ಲಿ ಡಿಡಿರೆಸ್ಕ್ಯೂ ಎಂಬ ತಂತ್ರಾಂಶವಿದೆ. ಅದು ಸುಲಭವಾಗಿ ಸಿಗುವ ಭಾಗಗಳನ್ನು ಮೊದಲು ಎತ್ತಿಕೊಂಡು, ತೊಡಕಿನ ಜಾಗಗಳಿಗೆ ಕೊನೆಗೆ ಮರಳುತ್ತದೆ.

ಇನ್ನು ಅಂಕಿಗಳ ವಿಷಯ. ಕ್ರಿಸ್ಟಲ್ ಡಿಸ್ಕ್ ಇನ್ಫೊ ತೋರಿಸುವ ಪಟ್ಟಿಯಲ್ಲಿ ಹತ್ತಾರು ಸಾಲುಗಳಿದ್ದರೂ ನೀವು ಗಮನಿಸಬೇಕಾದವು ಮೂರೇ: 05, ಸಿ5 ಮತ್ತು ಸಿ6. ಮೊದಲನೆಯದು ಬದಲಿ ಬಳಸಿದ ಸೆಕ್ಟರುಗಳ ಲೆಕ್ಕ, ಎರಡನೆಯದು ಬಾಕಿ ಉಳಿದವು, ಮೂರನೆಯದು ಡಿಸ್ಕು ತಾನೇ ಪರೀಕ್ಷಿಸಿಕೊಂಡಾಗಲೂ ಸರಿಪಡಿಸಲಾಗದವು. ಈ ತಂತ್ರಾಂಶ ಕೊನೆಯ ಅಂಕಣದ ಮೂಲ ಅಂಕಿಗಳನ್ನು ಸಾಮಾನ್ಯವಾಗಿ ಹದಿನಾರರ ಪದ್ಧತಿಯಲ್ಲಿ ತೋರಿಸುವುದರಿಂದ, ಅಲ್ಲಿ 10 ಎಂದಿದ್ದರೆ ಅದು ನಿಜದಲ್ಲಿ 16. ಸೆಟ್ಟಿಂಗಿನಲ್ಲಿ ಹತ್ತರ ಪದ್ಧತಿಗೆ ಬದಲಿಸಿಕೊಂಡರೆ ಗೊಂದಲ ತಪ್ಪುತ್ತದೆ. ಅಂಕಿ ಎಷ್ಟಿದೆ ಎನ್ನುವುದಕ್ಕಿಂತ ಏರುತ್ತಿದೆಯೇ ಎನ್ನುವುದು ಮುಖ್ಯ. ವರ್ಷಗಟ್ಟಲೆ ಎಂಟರಲ್ಲೇ ನಿಂತ ಡಿಸ್ಕು ಇನ್ನೂ ಕೆಲಸಕ್ಕೆ ಬರಬಹುದು. ಕಳೆದ ವಾರ ಎರಡಿದ್ದದ್ದು ಈ ವಾರ ನಲವತ್ತಾಗಿದ್ದರೆ ಹೊಸ ಡಿಸ್ಕು ತರಲು ತಡಮಾಡಬೇಡಿ. ಸಿ7 ಎಂಬ ಸಾಲು ಮಾತ್ರ ಏರುತ್ತಿದ್ದರೆ ತಪ್ಪು ಬಹುಪಾಲು ಡಿಸ್ಕಿನದಲ್ಲ, ಡಿಸ್ಕನ್ನು ಕಂಪ್ಯೂಟರಿಗೆ ಜೋಡಿಸುವ, ಸಡಿಲಗೊಂಡ ಅಥವಾ ಹಾಳಾದ ಸಾಟಾ ಕೇಬಲ್ಲಿನದು, ಅಲ್ಪ ವೆಚ್ಚದಲ್ಲಿ ಮುಗಿಯುವ ಕೆಲಸ.

ಹಳದಿ ಕಾಣಿಸದ ಓದುಗರು ಇದನ್ನು ಓದಿ ನಿಶ್ಚಿಂತರಾಗುವಂತಿಲ್ಲ. ಗೂಗಲ್ ಸಂಸ್ಥೆಯ ಎಂಜಿನಿಯರುಗಳು ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳನ್ನು ಗಮನಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಟ್ಟುಹೋದ ಡಿಸ್ಕುಗಳ ಪೈಕಿ ಶೇಕಡ 56ಕ್ಕಿಂತ ಹೆಚ್ಚಿನವು ಅವರು ಗುರುತಿಸಿದ ನಾಲ್ಕು ಪ್ರಬಲ ಸೂಚನೆಗಳಲ್ಲಿ ಒಂದನ್ನೂ ಮುಂಚಿತವಾಗಿ ಕೊಟ್ಟಿರಲಿಲ್ಲ. ಆದ್ದರಿಂದ ಎಚ್ಚರಿಕೆ ಬಂದಾಗ ನಂಬಿ. ಬಾರದಿರುವುದನ್ನು ಭರವಸೆಯೆಂದು ತಿಳಿಯಬೇಡಿ.

ಪ್ರಶ್ನೆ: ನಮ್ಮ ಊರಿನಲ್ಲಿ ದಿನಕ್ಕೆ ನಾಲ್ಕಾರು ಬಾರಿ ಕರೆಂಟು ಹೋಗುತ್ತದೆ. ಪ್ರತಿಬಾರಿಯೂ ಹೆಡ್ಡು ಬಿಲ್ಲೆಗೆ ಬಡಿದು ಗೀರು ಬೀಳುತ್ತದೆ ಎಂದು ಗೆಳೆಯರೊಬ್ಬರು ಹೆದರಿಸಿದ್ದಾರೆ. ಬೇಸಿಗೆಯ ಸೆಕೆಯೂ ಹೆಚ್ಚು. ಏನು ಮಾಡಬೇಕು?
— ಗೃಹಿಣಿ, ಸಿಂಧನೂರು

ಉತ್ತರ: ಗೆಳೆಯರ ಮಾತು ಪೂರ್ತಿ ಸರಿಯಲ್ಲ. ವಿದ್ಯುತ್ ಕಡಿತಗೊಂಡ ಕೂಡಲೇ, ಬಿಲ್ಲೆಗಳು ಇನ್ನೂ ತಿರುಗುತ್ತಿರುವ ವೇಗದಿಂದಲೇ ಒಂದಿಷ್ಟು ವಿದ್ಯುತ್ತನ್ನು ಪಡೆದು, ಇಂದಿನ ಡಿಸ್ಕುಗಳು ಹೆಡ್ಡನ್ನು ಸುರಕ್ಷಿತ ಜಾಗಕ್ಕೆ ಎಳೆದುಕೊಳ್ಳುತ್ತವೆ. ಸೊಗಸಾದ ಏರ್ಪಾಡು, ಆದರೆ ಪದೇಪದೇ ಹೀಗೆ ಅವಸರದಲ್ಲಿ ಎಳೆದುಕೊಳ್ಳುವುದು ಸಹಜ ನಿಲುಗಡೆಗಿಂತ ಹೆಚ್ಚು ಸವೆತ ತರುತ್ತದೆ. ದೊಡ್ಡ ನಷ್ಟವಾಗುವುದು ಮಾಹಿತಿಗೆ: ತಾತ್ಕಾಲಿಕ ಸ್ಮೃತಿಯಲ್ಲಿದ್ದು ಇನ್ನೂ ಬಿಲ್ಲೆಯ ಮೇಲೆ ಬರೆಯದ ಭಾಗ ಹಾಗೆಯೇ ಅಳಿದುಹೋಗುತ್ತದೆ, ಕಡತ ಅರೆಬರೆಯಾಗಿ ಉಳಿಯುತ್ತದೆ. ಕರೆಂಟು ಮರಳಿ ಬರುವಾಗಿನ ವೋಲ್ಟೇಜ್ ಏರಿಳಿತದಿಂದ ಡಿಸ್ಕಿನ ಸರ್ಕಿಟ್ ಬೋರ್ಡು ಸುಡುವುದೂ ಉಂಟು.

ಹಾಗಾಗಿ ಡಿಸ್ಕಿನ ಆಯಸ್ಸು ಬೇಕಾದವರು ಮೊದಲು ಖರ್ಚು ಮಾಡಬೇಕಾದದ್ದು ಯುಪಿಎಸ್‌ಗೆ, ಎರಡನೆಯದಾಗಿ ಮನೆಯ ಅರ್ಥಿಂಗ್ ಸರಿಪಡಿಸುವುದಕ್ಕೆ. ಸಾಧಾರಣ 600 ವಿಎ ಯುಪಿಎಸ್ ಕೊಡುವುದು ಕೆಲವೇ ನಿಮಿಷ. ಅದು ಕೆಲಸ ಮುಂದುವರಿಸಲು ಅಲ್ಲ, ಕಂಪ್ಯೂಟರನ್ನು ಕ್ರಮವಾಗಿ ಮುಚ್ಚಲು. ಅದರ ಬ್ಯಾಟರಿ ಎರಡು ಮೂರು ವರ್ಷಕ್ಕೆ ಸೊರಗುತ್ತದೆ, ಬಹಳಷ್ಟು ಮನೆಗಳಲ್ಲಿ ಯುಪಿಎಸ್ ಹೆಸರಿಗಷ್ಟೇ ಮೇಜಿನ ಕೆಳಗಿರುವುದು ಇದರಿಂದಲೇ. ಮನೆಗೆ ಇನ್ವರ್ಟರ್ ಇದ್ದು ಅದರ ಹಿಂಬದಿಯಲ್ಲಿ ಯುಪಿಎಸ್ ಮೋಡ್ ಸ್ವಿಚ್ ಇದ್ದರೆ ಅದನ್ನು ಹಾಕಿಡಿ. ಇಲ್ಲವಾದರೆ ಕರೆಂಟಿನಿಂದ ಬ್ಯಾಟರಿಗೆ ಬದಲಾಗುವ ಆ ಕ್ಷಣದಲ್ಲೇ ಕಂಪ್ಯೂಟರ್ ಆರಿ ಮತ್ತೆ ಹೊತ್ತಿಕೊಳ್ಳಬಹುದು.

ಸೆಕೆಯ ವಿಷಯಕ್ಕೆ ಬಂದರೆ, ಮೇಲೆ ಹೇಳಿದ ಅಧ್ಯಯನವು ಉಷ್ಣತೆಗೂ ಡಿಸ್ಕು ಕೆಡುವುದಕ್ಕೂ ಜನ ಭಾವಿಸಿದಷ್ಟು ಗಟ್ಟಿಯಾದ ನಂಟನ್ನು ಕಾಣಲಿಲ್ಲ. ಮೂರು ವರ್ಷ ದಾಟಿದ ಡಿಸ್ಕುಗಳಲ್ಲಿ ಮಾತ್ರ ಹೆಚ್ಚು ಬಿಸಿಯ ಪರಿಣಾಮ ಕಾಣಿಸಿತು. ಆದರೆ ಅದು ತಂಪಾಗಿಟ್ಟ ದತ್ತಾಂಶ ಕೇಂದ್ರಗಳ ಅನುಭವ, ಸಿಂಧನೂರಿನ ಏಪ್ರಿಲ್ ತಿಂಗಳದ್ದಲ್ಲ. ಅನೇಕ ಡಿಸ್ಕುಗಳಿಗೆ ತಯಾರಕರು ಹೇಳುವ ಮಿತಿ 60 ಡಿಗ್ರಿ ಸೆಲ್ಸಿಯಸ್. ನಿಮ್ಮದು ಪದೇಪದೇ 50 ದಾಟುತ್ತಿದ್ದರೆ ಕ್ಯಾಬಿನೆಟ್ಟನ್ನು ಗೋಡೆಯಿಂದ ಗೇಣುದ್ದ ಈಚೆಗೆ ಎಳೆದು, ಫ್ಯಾನುಗಳ ದೂಳು ತೆಗೆಯಿರಿ. ಇದನ್ನೆಲ್ಲ ಕಂಪ್ಯೂಟರ್ ಆರಿಸಿ, ಬಿಲ್ಲೆಗಳು ನಿಲ್ಲುವಷ್ಟು ಹೊತ್ತು ಕಾದು ಮಾಡಿ. ತಿರುಗುತ್ತಿರುವ ಡಿಸ್ಕಿರುವ ಕ್ಯಾಬಿನೆಟ್ಟನ್ನು ಎಳೆದಾಡುವುದು ಸೆಕೆಗಿಂತ ಅಪಾಯಕಾರಿ.

ಪ್ರಶ್ನೆ: ಡಿಫ್ರಾಗ್ ಎಷ್ಟು ದಿನಕ್ಕೊಮ್ಮೆ ಮಾಡಬೇಕು?
— ವಿದ್ಯಾರ್ಥಿ, ದಾವಣಗೆರೆ

ಉತ್ತರ: ಡಿಸ್ಕಿನಲ್ಲಿ ಚದುರಿದ ಕಡತಗಳ ತುಣುಕುಗಳನ್ನು ಒಂದೆಡೆ ಜೋಡಿಸುವ ಈ ಕೆಲಸವನ್ನು ನೀವು ಮಾಡಬೇಕಾಗಿಲ್ಲ. ವಿಂಡೋಸ್ ತಾನೇ ನಿಗದಿತ ಅವಧಿಗೊಮ್ಮೆ ಮಾಡಿಕೊಳ್ಳುತ್ತದೆ. ಡಿಫ್ರಾಗ್‌ನಿಂದ ವೇಗ ಸ್ವಲ್ಪ ಸುಧಾರಿಸಬಹುದೇ ಹೊರತು ಆಯಸ್ಸು ಹೆಚ್ಚುವುದಿಲ್ಲ. ಬಿಲ್ಲೆಗಳ ಬದಲು ಚಿಪ್ಪುಗಳಲ್ಲಿ ಮಾಹಿತಿ ಇಡುವ ಎಸ್‌ಎಸ್‌ಡಿಗೆ ಹೊರಗಿನ ಡಿಫ್ರಾಗ್ ತಂತ್ರಾಂಶಗಳನ್ನು ಹಚ್ಚಲೇಬೇಡಿ.

ಪ್ರಶ್ನೆ: ನಮ್ಮ ಸ್ಟುಡಿಯೊದ ಹಳೆಯ ಮದುವೆ ಫೋಟೊಗಳನ್ನೆಲ್ಲ ಎಸ್‌ಎಸ್‌ಡಿಗೆ ಹಾಕಿ ಕಪಾಟಿನಲ್ಲಿಡುವ ಯೋಚನೆಯಿದೆ. ಒಳಗೆ ತಿರುಗುವ ಭಾಗವೇ ಇಲ್ಲವಾದ್ದರಿಂದ ಅದು ಹೆಚ್ಚು ಬಾಳುತ್ತದಲ್ಲವೇ?
— ಛಾಯಾಗ್ರಾಹಕರು, ಕುಂದಾಪುರ

ಉತ್ತರ: ಬಳಕೆಯಲ್ಲಿರುವಾಗ ಆ ಲೆಕ್ಕ ಒಪ್ಪಬಹುದು, ಕಪಾಟಿನಲ್ಲಿ ಅಲ್ಲ. ಎಸ್‌ಎಸ್‌ಡಿಯಲ್ಲಿ ಮಾಹಿತಿ ಉಳಿಯುವುದು ಸೂಕ್ಷ್ಮ ಕೋಶಗಳಲ್ಲಿ ಹಿಡಿದಿಟ್ಟ ವಿದ್ಯುದಾವೇಶವಾಗಿ, ಅದು ನಿಧಾನವಾಗಿ ಸೋರುತ್ತದೆ. ಚಿಪ್ ಉದ್ಯಮಕ್ಕೆ ಮಾನದಂಡ ರೂಪಿಸುವ ಜೆಡೆಕ್ ಸಂಸ್ಥೆಯ ಪ್ರಕಾರ, ತನ್ನ ಬರೆಯುವ ಸಾಮರ್ಥ್ಯವನ್ನು ಪೂರ್ತಿ ಬಳಸಿದ ಸಾಮಾನ್ಯ ಎಸ್‌ಎಸ್‌ಡಿಯು ವಿದ್ಯುತ್ ಇಲ್ಲದೆ 30 ಡಿಗ್ರಿಯಲ್ಲಿ ಒಂದು ವರ್ಷ ಮಾಹಿತಿ ಉಳಿಸಿಕೊಂಡರೆ ಸಾಕು. ಹೊಸದು ಇದಕ್ಕಿಂತ ಬಹಳ ಹೆಚ್ಚು ಕಾಲ ಉಳಿಸಿಕೊಳ್ಳುತ್ತದೆ, ಸೆಕೆ ಏರಿದಷ್ಟೂ ಅವಧಿ ಕುಗ್ಗುತ್ತದೆ.

ಮೂಲೆಯಲ್ಲಿಟ್ಟು ಕಾಯುವ ಕೆಲಸಕ್ಕೆ ನನ್ನ ಮತ ಹಾರ್ಡ್ ಡಿಸ್ಕಿಗೇ, ಅದೂ ಒಂದಲ್ಲ, ಎರಡು; ಎರಡನೆಯದು ಬೇರೆ ಮನೆಯಲ್ಲಿರಲಿ. ಸಾಧಾರಣ ಡಿಸ್ಕುಗಳಿಗೆ ಗಾಳಿಯಾಡುವ ಸಣ್ಣ ರಂಧ್ರವಿರುವುದರಿಂದ ಕರಾವಳಿಯ ತೇವ ಒಳಹೋಗದಂತೆ ಮುಚ್ಚಿದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡಿ. ಆದರೆ ರಂಧ್ರಕ್ಕೆ ಟೇಪು ಅಂಟಿಸಬೇಡಿ. ಆರು ತಿಂಗಳಿಗೊಮ್ಮೆ ಎರಡನ್ನೂ ಜೋಡಿಸಿ, ಫೋಲ್ಡರುಗಳ ಹೆಸರು ಕಂಡಿತೆಂದು ನಿಲ್ಲಿಸದೆ, ಒಂದಷ್ಟು ಫೋಟೊಗಳನ್ನು ನಿಜವಾಗಿ ತೆರೆದು ನೋಡಿ. ಡಿಸ್ಕು ಒಂದು ದಿನ ಟಿಕ್ ಟಿಕ್ ಎಂದು ಸದ್ದು ಮಾಡತೊಡಗಿದರೆ ಫ್ರಿಜ್ಜಿನಲ್ಲಿಟ್ಟು ತೆಗೆಯುವ ಹಳೆಯ ಉಪಾಯಕ್ಕೆ ಹೋಗಬೇಡಿ, ಒಳಗೆ ನೀರಹನಿ ಕಟ್ಟುತ್ತದೆ. ತಕ್ಷಣ ಆರಿಸಿ, ಎರಡನೆಯ ಪ್ರತಿಯಿಂದ ಹೊಸ ಡಿಸ್ಕಿಗೆ ನಕಲು ಮಾಡಿಕೊಳ್ಳಿ.