ಕಿಡ್ನಿ ಕಸಿಗೆ ಹಲ್ಲಿನ ಡಾಕ್ಟರ್ ಯಾಕೆ?

ಪ್ರಶ್ನೆ: ನಮ್ಮ ಯಜಮಾನರಿಗೆ 54 ವರ್ಷ. ಶುಗರ್ ಶುರುವಾಗಿ ಇಪ್ಪತ್ತು ವರ್ಷ ಆಯಿತು. ಈಗ ವಾರಕ್ಕೆ ಮೂರು ಸಲ ಡಯಾಲಿಸಿಸ್. ಕಸಿ ಮಾಡಿಸೋಣ ಅಂತ ಹೋದರೆ ಹಾರ್ಟ್ ಡಾಕ್ಟರ್, ಹಲ್ಲಿನ ಡಾಕ್ಟರ್, ಕೊನೆಗೆ ಮನೋವೈದ್ಯರ ಹತ್ತಿರಾನೂ ಕಳಿಸಿದರು. ಈಗ ಆಂಜಿಯೋಗ್ರಾಮ್ ಬೇಕಂತೆ. ಇವರಿಗೆ ಎದೆನೋವೇ ಇಲ್ಲ. ಇದೆಲ್ಲ ದುಡ್ಡು ಮಾಡೋ ದಾರಿ ಅಲ್ವಾ?
– ಓದುಗರು, ಚಿತ್ರದುರ್ಗ

ಉತ್ತರ: ನಿಮ್ಮ ಅನುಮಾನ ತಪ್ಪಲ್ಲಮ್ಮ. ಪ್ರತಿ ಪರೀಕ್ಷೆಗೂ ‘ಇದು ಯಾಕೆ’ ಅಂತ ಧೈರ್ಯವಾಗಿ ಕೇಳಿ. ಆದರೆ ನೀವು ಹೇಳಿದ ಪಟ್ಟಿಯಲ್ಲಿ ಸುಮ್ನೆ ಬರೆದಿದ್ದು ಅಂತ ನನಗೆ ಯಾವುದೂ ಕಾಣಲಿಲ್ಲ.

ಎದೆನೋವಿಲ್ಲ ಅನ್ನೋದೇ ಇಲ್ಲಿ ಮೋಸ. ಶುಗರ್ ಹಳೆಯದಾದರೆ ನರಗಳು ಮಂಕಾಗುತ್ತವೆ, ರಕ್ತನಾಳ ಕಟ್ಟಿಕೊಂಡಿದ್ದರೂ ನೋವು ಗೊತ್ತಾಗದೇ ಇರಬಹುದು. ಡಯಾಲಿಸಿಸ್‌ನಲ್ಲಿ ಇರುವವರಿಗೆ ಹೃದಯದ ತೊಂದರೆ ಮೊದಲೇ ಜಾಸ್ತಿ, ಅದರ ಮೇಲೆ ಗಂಟೆಗಟ್ಟಲೆ ಆಪರೇಷನ್ ಅಂದರೆ ಮುಚ್ಚಿಕೊಂಡಿದ್ದ ತೊಂದರೆ ಅಲ್ಲೇ ಟೇಬಲ್ ಮೇಲೆ ಹೊರಗೆ ಬೀಳಬಹುದು. ಆಂಜಿಯೋಗ್ರಾಮ್ ಅಂದರೆ ಹೃದಯದ ರಕ್ತನಾಳಕ್ಕೆ ಡೈ (ಬಣ್ಣದ ದ್ರವ) ಬಿಟ್ಟು ಎಲ್ಲಿ ಕಟ್ಟಿದೆ ಅಂತ ನೋಡುವುದು. ಎಲ್ಲರಿಗೂ ಅದು ಬೇಕಿಲ್ಲ, ಆದರೆ ಇಪ್ಪತ್ತು ವರ್ಷದ ಶುಗರ್ ಇರುವವರಿಗೆ ಕೇಳುವುದು ಸರಿಯೇ. ಅವರಿಗೆ ಇನ್ನೂ ಮೂತ್ರ ಬರುತ್ತಿದ್ದರೆ ಅದನ್ನು ಮೊದಲೇ ತಿಳಿಸಿ, ಉಳಿದಿರುವ ಕಿಡ್ನಿ ಶಕ್ತಿಗೆ ಪೆಟ್ಟಾಗದಿರಲಿ ಅಂತ ಡೈ ಕಡಿಮೆ ಬಳಸುತ್ತಾರೆ. ಹಾಗೇ ಎಕೋ (ಹೃದಯದ ಸ್ಕ್ಯಾನ್) ಮಾಡಿಸುವುದಾದರೆ ಡಯಾಲಿಸಿಸ್ ಆದ ಮರುದಿನ ಮಾಡಿಸಿ. ಮೈಯಲ್ಲಿ ನೀರು ತುಂಬಿಕೊಂಡಿರುವಾಗ ಮಾಡಿದರೆ ಹೃದಯ ಇರುವುದಕ್ಕಿಂತ ಸುಸ್ತಾಗಿ ಕಾಣುತ್ತದೆ.

ಇನ್ನು ಹಲ್ಲು. ಕಸಿ ಆದಮೇಲೆ ಹೊಸ ಕಿಡ್ನಿಯನ್ನು ದೇಹ ತಳ್ಳಿಹಾಕಬಾರದು ಅಂತ ಟ್ಯಾಕ್ರೋಲಿಮಸ್, ಮೈಕೋಫಿನೋಲೇಟ್, ಸ್ಟೀರಾಯ್ಡ್ ಕೊಡುತ್ತಾರೆ. ಇವು ರೋಗನಿರೋಧಕ ಶಕ್ತಿಯನ್ನೇ ಇಳಿಸುತ್ತವೆ. ಹುಳುಕು ಹಲ್ಲಿನ ಬೇರಲ್ಲಿ ಅಡಗಿರುವ ಕೀವು ಆಗ ಮೈಗೆಲ್ಲ ಹರಡಬಹುದು. ಟಿಬಿ, ಹೆಪಟೈಟಿಸ್ ಬಿ, ಸಿ, ಎಚ್‌ಐವಿ ನೋಡುವುದೂ ಇದಕ್ಕೇ. ಟಿಬಿ ಇದ್ದರಂತೂ ಮೊದಲು ಅದನ್ನು ಪೂರ್ತಿ ವಾಸಿ ಮಾಡಲೇಬೇಕು, ಯಾಕೆಂದರೆ ಟಿಬಿಗೆ ಕೊಡುವ ರಿಫಾಂಪಿಸಿನ್ ರಕ್ತದಲ್ಲಿ ಟ್ಯಾಕ್ರೋಲಿಮಸ್ ಮಟ್ಟವನ್ನು ಇಳಿಸಿಬಿಡುತ್ತದೆ, ಕಿಡ್ನಿ ಉಳಿಸಿಕೊಳ್ಳೋದು ಕಷ್ಟ. ಹೆಪಟೈಟಿಸ್ ಬಿ ಲಸಿಕೆ ಇನ್ನೂ ಹಾಕಿಸಿಲ್ಲವೆಂದರೆ ಈಗಲೇ ಹಾಕಿಸಿ, ಕಸಿ ಆದಮೇಲೆ ಅಷ್ಟು ಚೆನ್ನಾಗಿ ಹಿಡಿಯುವುದಿಲ್ಲ.

ಮನೋವೈದ್ಯರ ಹತ್ತಿರ ಕಳಿಸಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ಬೆಳಿಗ್ಗೆ ಸಂಜೆ ತಪ್ಪದೆ ಮಾತ್ರೆ ತಗೋತಾರಾ, ಕುಡಿತ, ಸಿಗರೇಟು ಇದೆಯಾ, ಮನೆಯಲ್ಲಿ ನೋಡಿಕೊಳ್ಳುವವರು ಯಾರು, ಇಷ್ಟೇ ಅವರು ನೋಡುವುದು. ಜೊತೆಗೆ ನಾನು ಕೇಳುವ ಇನ್ನೊಂದು ಪ್ರಶ್ನೆ, ಪ್ರತಿ ತಿಂಗಳ ಮಾತ್ರೆ ಖರ್ಚಿಗೆ ಏನು ದಾರಿ? ಆಪರೇಷನ್‌ಗೆ ಹೇಗೋ ದುಡ್ಡು ಹೊಂದಿಸಿ ಆಮೇಲೆ ಮಾತ್ರೆ ಬಿಟ್ಟು ಕಿಡ್ನಿ ಕಳೆದುಕೊಂಡವರಿದ್ದಾರೆ.

ಏನಾದರೂ ಸಿಕ್ಕಿದರೆ ‘ಕಸಿ ಆಗಲ್ಲ’ ಅಂತ ಕೂತುಬಿಡಬೇಡಿ. ಬಹಳ ಸಲ ಅದರ ಅರ್ಥ ‘ಈಗ ಬೇಡ, ಇದನ್ನು ಸರಿಮಾಡಿಕೊಂಡು ಬನ್ನಿ’ ಅಂತ.

ಪ್ರಶ್ನೆ: ನನ್ನ ಹೆಂಡತಿಗೆ ನಾನೇ ಕಿಡ್ನಿ ಕೊಡಲು ಸಿದ್ಧ. ಬ್ಲಡ್ ಗ್ರೂಪೂ ಒಂದೇ. ಆದರೂ ಕ್ರಾಸ್‌ಮ್ಯಾಚ್ ಪಾಸಿಟಿವ್, ಆಗಲ್ಲ ಅಂದರು. ಇಬ್ಬರು ಮಕ್ಕಳಿದ್ದಾರೆ. ಭಾವಮೈದುನ ಕೊಡಬಹುದಾ?
– ಓದುಗರು, ಹಾಸನ

ಉತ್ತರ: ಗ್ರೂಪ್ ಹೊಂದಿದರೆ ಸಾಲದು. ನಿಮ್ಮ ಜೀವಕೋಶಗಳ ಮೇಲೆ ತಿರುಗಿಬೀಳುವ ಪ್ರತಿಕಾಯಗಳು ನಿಮ್ಮ ಹೆಂಡತಿಯ ರಕ್ತದಲ್ಲಿ ಇವೆಯಾ ಅಂತ ನೋಡುವುದೇ ಕ್ರಾಸ್‌ಮ್ಯಾಚ್, ಪಾಸಿಟಿವ್ ಅಂದರೆ ಇವೆ ಅಂತ. ಮಕ್ಕಳಲ್ಲಿ ಅರ್ಧ ನಿಮ್ಮ ಅಂಗಾಂಶದ ಗುರುತುಗಳಿರುತ್ತವೆ. ಬಸಿರಿನಲ್ಲಿ ಅವು ತಾಯಿಯ ರಕ್ತಕ್ಕೆ ಪರಿಚಯವಾಗಿ, ನಿಮ್ಮ ಅಂಗಾಂಶದ ವಿರುದ್ಧವೇ ಪ್ರತಿಕಾಯ ಹುಟ್ಟಿಕೊಂಡಿರಬಹುದು. ರಕ್ತ ಹಾಕಿಸಿಕೊಂಡಾಗಲೂ ಹೀಗಾಗುತ್ತದೆ. ಅದಕ್ಕೇ ಹೇಳೋದು, ಹಿಮೋಗ್ಲೋಬಿನ್ ಕಡಿಮೆ ಅಂತ ಅವಸರಕ್ಕೆ ಬಾಟಲಿ ರಕ್ತ ಹಾಕಿಸಬೇಡಿ, ರಕ್ತಕಣ ಹೆಚ್ಚಿಸುವ ಎರಿಥ್ರೋಪೊಯೆಟಿನ್ ಇಂಜೆಕ್ಷನ್, ಕಬ್ಬಿಣದಂಶದಿಂದ ಆಗುತ್ತದಾ ಅಂತ ಮೊದಲು ಕೇಳಿ.

ಭಾವಮೈದುನ ಅಂದರೆ ನಿಮ್ಮ ಹೆಂಡತಿಯ ಒಡಹುಟ್ಟಿದವರೇ ತಾನೇ? ಹಾಗಿದ್ದರೆ ಅಂಗಾಂಗ ಕಸಿ ಕಾನೂನಿನ ಪ್ರಕಾರ ಅವರು ಹತ್ತಿರದ ಸಂಬಂಧಿ. ಗಂಡ ಹೆಂಡತಿ, ತಂದೆ ತಾಯಿ, ಮಕ್ಕಳು, ಒಡಹುಟ್ಟಿದವರು, ಅಜ್ಜ ಅಜ್ಜಿ, ಮೊಮ್ಮಕ್ಕಳು ಈ ಪಟ್ಟಿಯಲ್ಲಿದ್ದಾರೆ. ನಿಮ್ಮ ಕಡೆಯ ತಮ್ಮನೋ ತಂಗಿಯೋ ಕೊಡುವುದಾದರೆ ಅನುಮತಿ ಸಮಿತಿಯ ಮುಂದೆ ಹೋಗಬೇಕು. ಅದೂ ಹೊಂದದಿದ್ದರೆ ಇಂಥದೇ ತೊಂದರೆಯ ಇನ್ನೊಂದು ಜೋಡಿಯ ಜೊತೆ ಅದಲುಬದಲು ಕಸಿಗೆ ಆ ಕಾನೂನಿನ 2011ರ ತಿದ್ದುಪಡಿ ಅವಕಾಶ ಕೊಟ್ಟಿದೆ. ಆಸ್ಪತ್ರೆಯಲ್ಲಿ ಈ ಮಾತನ್ನು ನೀವೇ ಎತ್ತಿ.

ಪ್ರಶ್ನೆ: ಅಪ್ಪನಿಗೆ 68. ಮೆದುಳು ನಿಷ್ಕ್ರಿಯಗೊಂಡವರ ಕಿಡ್ನಿಗೆ ಹೆಸರು ಬರೆಸಬಹುದಾ?
– ಓದುಗರು, ಶಿವಮೊಗ್ಗ

ಉತ್ತರ: ಬರೆಸಬಹುದು. 65 ವರ್ಷದ ಮಿತಿಯನ್ನು 2023ರಲ್ಲಿ ಕೇಂದ್ರ ತೆಗೆದುಹಾಕಿತು. ಕರ್ನಾಟಕದಲ್ಲಿ ಅಂಗದಾನ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಜೀವಸಾರ್ಥಕತೆಯ ಪಟ್ಟಿಗೆ ಕಸಿ ಆಸ್ಪತ್ರೆಯ ಮೂಲಕವೇ ಹೆಸರು ಹೋಗುತ್ತದೆ. ವಯಸ್ಸಿಗಿಂತ ಅಪ್ಪ ಎಷ್ಟು ಗಟ್ಟಿ, ತಾವೇ ಎದ್ದು ಓಡಾಡುತ್ತಾರಾ ಅನ್ನೋದನ್ನೇ ಡಾಕ್ಟರ್ ಜಾಸ್ತಿ ನೋಡುತ್ತಾರೆ. ಹೆಸರು ಹೋದಮೇಲೂ ಹೃದಯದ ಪರೀಕ್ಷೆಯನ್ನು ಆಗಾಗ ಮತ್ತೆ ಮಾಡಿಸಬೇಕಾಗುತ್ತದೆ. ಕರೆ ರಾತ್ರಿ ಎರಡಕ್ಕೂ ಬರಬಹುದು. ಫೋನ್ ನಂಬರ್ ಬದಲಾದರೆ ಮೊದಲು ಆಸ್ಪತ್ರೆಗೆ ತಿಳಿಸಿ.