ಜೋಡುನಳಿಗೆ ಕೋವಿ: ಎರಡು ತೋಟೆ ಸಾಕೇ?

ಮನೆ ರಕ್ಷಣೆಗೆ ಜೋಡುನಳಿಗೆಯ ಎರಡೇ ತೋಟೆ ಸಾಕೇ ಎಂದು ಕೇಳಿದ್ದೀರಿ. ಎರಡು ಟ್ರಿಗರ್ ಇರುವ ಕೋವಿಯಾದರೆ ನಂಬಬಹುದು: ಒಂದು ತೋಟೆ ಠುಸ್ಸೆಂದರೂ ಇನ್ನೊಂದು ನಳಿಗೆ ಸಿದ್ಧವಿರುತ್ತದೆ. ತೊಡಕಿರುವುದು ಮರಳಿ ತುಂಬುವಾಗ. ಇಜೆಕ್ಟರ್ (ಖಾಲಿ ತೋಟೆಯನ್ನು ತಾನೇ ಹೊರಗೆಸೆಯುವ ಭಾಗ) ಇಲ್ಲದ ಕೋವಿ ಖಾಲಿ ತೋಟೆಯನ್ನು ಕೆಲವೇ ಮಿಲಿಮೀಟರ್ ಮೇಲೆತ್ತುತ್ತದೆ, ಉಳಿದದ್ದನ್ನು ಬೆರಳಿನಿಂದ ಎಳೆಯಬೇಕು. ಹಲವು ಮಾದರಿಗಳಲ್ಲಿ ನಳಿಗೆ ಮಡಚಿದಾಗಲೆಲ್ಲ ಸೇಫ್ಟಿ (ಟ್ರಿಗರ್ ತಡೆಯುವ ಗುಂಡಿ) ತಾನಾಗಿಯೇ ಹಾಕಿಕೊಳ್ಳುತ್ತದೆ. ತುಂಬಿದ ಮೇಲೆ ಅದನ್ನು ಮುಂದೆ ತಳ್ಳದಿದ್ದರೆ ಟ್ರಿಗರ್ ಎಳೆದರೂ ಗುಂಡು ಹಾರದು. ಗಾಬರಿಯಲ್ಲಿ ಬಹಳ ಮಂದಿ ಮರೆಯುವುದು ಇದನ್ನೇ. ಡಮ್ಮಿ ತೋಟೆ ಹಾಕಿ ಕೈಗೆ ರೂಢಿ ಮಾಡಿಕೊಳ್ಳಿ. ಕೋಣೆಯೊಳಗಿನ ದೂರದಲ್ಲಿ ಚರೆ ಹೆಚ್ಚು ಹರಡುವುದಿಲ್ಲ, ಗುರಿ ಹಿಡಿಯಲೇಬೇಕು. ಹಳೆಯ ಕೋವಿಯಾದರೆ ಚೇಂಬರ್ (ನಳಿಗೆಯಲ್ಲಿ ತೋಟೆ ಕೂರುವ ಜಾಗ) ಅಳತೆ ಮಾಡಿಸಿ: 65 ಮಿ.ಮೀ. ಚೇಂಬರಿಗೆ 70 ಮಿ.ಮೀ. ತೋಟೆ, ಬಾಯಿ ಮಡಚಿರುವುದರಿಂದ, ಸಲೀಸಾಗಿ ಕೂರುತ್ತದೆ, ಆದರೆ ಹೊಡೆದಾಗ ಅದರ ಬಾಯಿ ಪೂರ್ತಿ ಬಿಚ್ಚಲು ಜಾಗವಿಲ್ಲದೆ ಒತ್ತಡ ಅಪಾಯದ ಮಟ್ಟಕ್ಕೆ ಏರಬಹುದು.