ಒಂಬತ್ತು ಮಾತ್ರೆಗಳ ಪಟ್ಟಿ

ಗ್ಲಯೋಬ್ಲಾಸ್ಟೋಮಾ ಎಂಬ ಮಿದುಳಿನ ಕ್ಯಾನ್ಸರ್ ಇರುವವರ ಮನೆಯವರು ಈಚೆಗೆ ಮತ್ತೆ ಮತ್ತೆ ಇಂಥ ಪಟ್ಟಿ ಹಿಡಿದು ಬರುತ್ತಿರುವುದರಿಂದ ಇದನ್ನು ಬರೆಯಬೇಕಾಯಿತು. ಗುರುತಿನ ವಿವರ ಬದಲಿಸಿದೆ.

ಉಡುಪಿ ಕಡೆಯ ತಾಯಿ. ಶಸ್ತ್ರಚಿಕಿತ್ಸೆ ಮುಗಿದು, ಮಂಗಳೂರಿನಲ್ಲಿ ರೇಡಿಯೇಶನ್ ಜೊತೆ ಟೆಮೊಜೊಲೊಮೈಡ್ ಎಂಬ ಕೀಮೋ ಮಾತ್ರೆ ನಡೆಯುತ್ತಿತ್ತು. ಗಲ್ಫಿನಿಂದ ಬಂದ ಮಗನ ಮೊಬೈಲಿನಲ್ಲಿ ಒಂಬತ್ತು ಔಷಧಗಳ ಹೆಸರು. "ಜರ್ಮನಿಯಲ್ಲಿ ಕೊಟ್ಟದ್ದು ಮೇಡಂ. ಎಲ್ಲ ಹಳೇ ಮಾತ್ರೆಗಳೇ." ಶಿಲೀಂಧ್ರ ಸೋಂಕಿಗೆ ಕೊಡುವ ಇಟ್ರಾಕೊನಜೋಲ್, ಬಿಪಿಗೆ ಕೊಡುವ ಕ್ಯಾಪ್ಟೊಪ್ರಿಲ್ ಶುರು ಮಾಡಿಯೂ ಆಗಿತ್ತು.

ಪಟ್ಟಿ ಸುಳ್ಳಲ್ಲ. ಜರ್ಮನಿಯ ಉಲ್ಮ್ ನಗರದಲ್ಲಿ ನಡೆದು 2021ರಲ್ಲಿ ಪ್ರಕಟವಾದ ಆ ಒಂಬತ್ತು ಔಷಧಗಳ ಪ್ರಯೋಗದಲ್ಲಿದ್ದವರು 10 ಮಂದಿ, ಎಲ್ಲರಿಗೂ ಗಡ್ಡೆ ಮರುಕಳಿಸಿತ್ತು. ಇಷ್ಟು ಔಷಧವನ್ನು ದೇಹ ತಡೆದುಕೊಳ್ಳುತ್ತದೆಯೇ ಎಂಬುದಷ್ಟೇ ಅಲ್ಲಿನ ಮುಖ್ಯ ಪ್ರಶ್ನೆ. ಹೋಲಿಸಲು ಬೇರೆ ಗುಂಪಿರಲಿಲ್ಲ. ಹೆಚ್ಚಾಗಿ ಪ್ರಮಾಣ ಬದಲಿಸಬೇಕಾಗಿ ಬಂದ ಔಷಧಗಳಲ್ಲಿ ಮಗ ಕೊಟ್ಟ ಎರಡೂ ಇವೆ. ಇಟ್ರಾಕೊನಜೋಲ್ ಯಕೃತ್ತಿನ ಕಿಣ್ವವೊಂದನ್ನು ತಡೆಯುತ್ತದೆ. ಆಗ ಮಿದುಳಿನ ಊತಕ್ಕೆ ಕೊಡುವ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ರಕ್ತದಲ್ಲೇ ಉಳಿದು ಶುಗರ್ ಏರಬಹುದು.

"ಹಾಗಾದ್ರೆ ಕೈಕಟ್ಟಿ ಕೂರುವುದಾ?" ಮಗನಿಗೆ ಸಿಟ್ಟು ಬಂತು.

ಅಷ್ಟರವರೆಗೆ ಸುಮ್ಮನಿದ್ದ ತಾಯಿ ಕೇಳಿದರು: "ಮಗಾ, ನಿನ್ನೆಯಿಂದ ವಾಂತಿ ಉಂಟು. ಯಾವುದರಿಂದ ಅಂತ ಡಾಕ್ಟ್ರು ಕೇಳಿದ್ರೆ ನಾನು ಯಾವ ಮಾತ್ರೆ ತೋರಿಸುದು?"

ಹಲವು ಔಷಧಗಳನ್ನು ಒಟ್ಟಿಗೆ ಕೊಟ್ಟು ಪರೀಕ್ಷಿಸುವವರ ಕಷ್ಟವೆಲ್ಲ ಆ ಪ್ರಶ್ನೆಯಲ್ಲಿದೆ. ಟೆಮೊಜೊಲೊಮೈಡ್, ರೇಡಿಯೇಶನ್, ಗಡ್ಡೆ, ಬಾವು, ಯಾವುದರಿಂದಲೂ ವಾಂತಿಯಾದೀತು. ಪ್ರಯೋಗದಲ್ಲಾದರೆ ಪ್ರಮಾಣ, ರಕ್ತಪರೀಕ್ಷೆಯ ದಿನ, ಪ್ಲೇಟ್ಲೆಟ್ ಎಷ್ಟಕ್ಕಿಳಿದರೆ ನಿಲ್ಲಿಸುವುದು, ಎಲ್ಲ ಮೊದಲೇ ಬರೆದಿರುತ್ತದೆ. ಮಗನ ಕೈಯಲ್ಲಿದ್ದದ್ದು ಬರೀ ಹೆಸರು.

ಪ್ರಯೋಗಕ್ಕೆ ಸೇರಿಸಿ ಎಂದರೆ ಇವರೇ, "ಹೊಸ ಔಷಧ ಸಿಗದೆ, ಹೋಲಿಕೆಗೆಂದು ಬರೀ ಹಳೆ ಚಿಕಿತ್ಸೆ ಕೊಡುವ ಗುಂಪಿಗೆ ಬಿದ್ದರೆ?" ಎನ್ನುತ್ತಾರೆ. ತಾಯಿ ನುಂಗುತ್ತಿರುವ ಟೆಮೊಜೊಲೊಮೈಡ್ ಗೆದ್ದು ಬಂದದ್ದೇ ಅಂಥ ಹೋಲಿಕೆಯಿಂದ. 2005ರಲ್ಲಿ ಪ್ರಕಟವಾದ ಆ ಅಧ್ಯಯನದ 573 ಮಂದಿಯಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಮೊದಲು ರೇಡಿಯೇಶನ್ ಮಾತ್ರ ಸಿಕ್ಕಿತ್ತು. ಅರ್ಧದಷ್ಟು ಮಂದಿ ಬದುಕಿರುವ ಅವಧಿ (ಮೀಡಿಯನ್) 12.1 ತಿಂಗಳಿಂದ 14.6ಕ್ಕೆ ಏರಿದ್ದು ಗೊತ್ತಾದದ್ದು ಅವರಿಂದ. ಗಡ್ಡೆಗೆ ಹೊಸ ರಕ್ತನಾಳ ಬೆಳೆಯದಂತೆ ತಡೆಯುವ ಬೆವಾಸಿಜುಮ್ಯಾಬ್ ಮೇಲೂ ದೊಡ್ಡ ಭರವಸೆಯಿತ್ತು. ಆರಂಭದ ಚಿಕಿತ್ಸೆಗೆ ಅದನ್ನು ಸೇರಿಸಿದರೆ ಆಯುಷ್ಯ ಹೆಚ್ಚುವುದಿಲ್ಲವೆಂದು 2014ರಲ್ಲಿ ಎರಡು ಅಧ್ಯಯನಗಳು ತೋರಿಸಿದವು.

ಕೊಟ್ಟ ಸಲಹೆ ಇಷ್ಟು. ಇವತ್ತೇ ಎಲ್ಲ ಮಾತ್ರೆಗಳ ಸ್ಟ್ರಿಪ್ ಕ್ಯಾನ್ಸರ್ ವೈದ್ಯರ ಮುಂದಿಡಿ, ಯಾವುದನ್ನು ಯಾವತ್ತು ಶುರು ಮಾಡಿದ್ದೆಂದು ಬರೆದುಕೊಂಡು ಹೋಗಿ. ಡೆಕ್ಸಾಮೆಥಾಸೋನ್ ಮಾತ್ರ ನೀವಾಗಿ ಥಟ್ಟನೆ ನಿಲ್ಲಿಸಬೇಡಿ. ಭಾರತದ ಕ್ಲಿನಿಕಲ್ ಪ್ರಯೋಗಗಳ ನೋಂದಣಿ, ಅಂದರೆ ಸಿಟಿಆರ್‌ಐಯಲ್ಲಿ ಹುಡುಕಿ. ಪ್ರಯೋಗ ಎಷ್ಟನೇ ಹಂತದ್ದು, ಹೋಲಿಕೆಯ ಗುಂಪಿಗೆ ಏನು ಕೊಡುತ್ತಾರೆ ಎಂದು ಕೇಳಿ. ಪ್ರಯೋಗದಿಂದ ತೊಂದರೆಯಾದರೆ ಉಚಿತ ಚಿಕಿತ್ಸೆ ಕೊಡಬೇಕೆಂದು 2019ರ ನಿಯಮ ಹೇಳುತ್ತದೆ. ಸೇರಿದ ಮೇಲೂ ಯಾವಾಗ ಬೇಕಾದರೂ ಹೊರಬರಬಹುದು.

ಇದು ಆಸೆ ಕೀಳುವ ಸಲಹೆ ಎನ್ನುವವರಿದ್ದಾರೆ. ಆಸೆಪಡುವವನು ಮಗ, ವಾಂತಿ ಮಾಡುವವರು ತಾಯಿ. ಒಪ್ಪಿಗೆಯ ಕಾಗದದಲ್ಲಿ ಸಹಿ ಹಾಕಬೇಕಾದವರೂ ಅವರೇ, ಆದ್ದರಿಂದ ಪ್ರಯೋಗದ ಹಾಳೆಯನ್ನು ಮೊದಲು ಅವರಿಗೆ ಓದಿಹೇಳಲು ಮಗನಿಗೆ ತಿಳಿಸಿದೆ.